ಹಣ ಕಳುಹಿಸುವ ಮೊದಲು: ವಿದೇಶದಿಂದ ಸರಕು ತರಿಸುವವರು ನಿರ್ಬಂಧ, ಪರವಾನಗಿಗಳನ್ನು ಪರಿಶೀಲಿಸುವ ಕ್ರಮ

ಕರಾವಳಿಯ ಗೇರುಬೀಜ ಕಾರ್ಖಾನೆಗಳಿಗೆ ಬೇಕಾಗುವ ಕಚ್ಚಾ ಬೀಜದ ದೊಡ್ಡ ಪಾಲು ಆಫ್ರಿಕಾದ ದೇಶಗಳಿಂದ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದಿಳಿಯುತ್ತದೆ. ಸಿಪ್ಪೆಯಿರುವ ಆ ಬೀಜವನ್ನು ತರಿಸಲು ವಿದೇಶ ವ್ಯಾಪಾರ ನೀತಿಯ ಅಡ್ಡಿಯಿಲ್ಲ; ಸಸ್ಯಗಳ ಜೊತೆ ಕೀಟ, ರೋಗ ಬರದಂತೆ ತಡೆಯುವ ಸಸ್ಯ ಕ್ವಾರಂಟೈನ್ ನಿಯಮಗಳನ್ನು ಪಾಲಿಸಬೇಕು, ಅಷ್ಟೆ. ಅದೇ ಬೀಜವನ್ನು ಸುಲಿದು ತಿರುಳನ್ನು ಮಾತ್ರ ತರಿಸಲು ಹೊರಟರೆ ಬೇರೆಯೇ ನಿಯಮ ಎದುರಾಗುತ್ತದೆ. ಇಡೀ ತಿರುಳಿನ ಬೆಲೆ ಕಿಲೋಗೆ 720 ರೂಪಾಯಿಗಿಂತ, ಒಡೆದ ತಿರುಳಿನ ಬೆಲೆ 680 ರೂಪಾಯಿಗಿಂತ ಕಡಿಮೆಯಿದ್ದರೆ ಆಮದು ನಿಷಿದ್ಧ ಎಂದು ಕೇಂದ್ರ ಸರ್ಕಾರ 2019ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಮರವೂ ಒಂದೇ, ಬೀಜವೂ ಒಂದೇ. ಸಿಪ್ಪೆ ಇದೆಯೇ ಇಲ್ಲವೇ ಎಂಬುದರ ಮೇಲೆ ಕಾನೂನು ಬದಲಾಗುತ್ತದೆ.

ಈ ಲೇಖನವನ್ನು ವ್ಯಾಪಾರಕ್ಕಾಗಿ ಮೊದಲ ಸಲ ವಿದೇಶದಿಂದ ಸರಕು ತರಿಸುವ ಸಣ್ಣ ಉದ್ಯಮಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಆಮದು ಕೇಂದ್ರ ಸರ್ಕಾರದ ಅಧಿಕಾರಕ್ಕೆ ಸೇರಿದ್ದರಿಂದ, ಸರಕನ್ನು ಪಣಂಬೂರಿನಲ್ಲಿ ಇಳಿಸಿದರೂ, ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋಗೆ ತಂದರೂ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬಿಡಿಸಿಕೊಂಡರೂ ಮೂಲ ನಿಯಮಗಳು ಒಂದೇ. ಸರಕು ಬಂದ ಮೇಲೆ ಕ್ಲಿಯರಿಂಗ್ ಏಜೆಂಟರು ಎಲ್ಲವನ್ನೂ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಏಜೆಂಟರು ಕಾಗದಪತ್ರಗಳನ್ನು ಸಲ್ಲಿಸಬಲ್ಲರು, ಅಧಿಕಾರಿಗಳೊಂದಿಗೆ ವಾದಿಸಬಲ್ಲರು. ಆದರೆ ಇಲ್ಲದ ಪರವಾನಗಿಯನ್ನು ತಂದುಕೊಡಲಾರರು. ಹಾಗಾಗಿ ಮುಂದೆ ಹೇಳುವ ಪರಿಶೀಲನೆಯೆಲ್ಲ ಮಾರಾಟಗಾರನಿಗೆ ಮುಂಗಡ ಕಳುಹಿಸುವ ಮೊದಲೇ ಮುಗಿಯಬೇಕು.

ಮೊದಲ ಹೆಜ್ಜೆ: ಎಂಟು ಅಂಕಿಗಳನ್ನು ಗುರುತಿಸುವುದು

ಕಸ್ಟಮ್ಸ್ ಇಲಾಖೆ ಸರಕನ್ನು ಹೆಸರಿನಿಂದ ಗುರುತಿಸುವುದಿಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ವಿಶ್ವ ಕಸ್ಟಮ್ಸ್ ಸಂಸ್ಥೆ ರೂಪಿಸಿರುವ ಎಚ್‌ಎಸ್ ಪದ್ಧತಿಯಲ್ಲಿ ಮೊದಲ ಆರು ಅಂಕಿಗಳು ಆ ಪದ್ಧತಿಯನ್ನು ಒಪ್ಪಿದ ಎಲ್ಲ ದೇಶಗಳಿಗೂ ಸಮಾನ. ಭಾರತ ಅದಕ್ಕೆ ಇನ್ನೆರಡು ಅಂಕಿಗಳನ್ನು ಸೇರಿಸಿಕೊಂಡು ಎಂಟು ಅಂಕಿಗಳ ಸಂಖ್ಯೆಯನ್ನು ಬಳಸುತ್ತದೆ. ಮೊದಲ ಎರಡು ಅಂಕಿ ಅಧ್ಯಾಯವನ್ನು, ನಾಲ್ಕು ಶೀರ್ಷಿಕೆಯನ್ನು, ಆರು ಉಪಶೀರ್ಷಿಕೆಯನ್ನು ತೋರಿಸುತ್ತವೆ. ಸಿಪ್ಪೆಸಹಿತ ಗೇರುಬೀಜ 0801 31 00, ಒಡೆದ ತಿರುಳು 0801 32 10, ಇಡೀ ತಿರುಳು 0801 32 20. ಸುಂಕದ ದರ, ಆಮದು ನೀತಿ, ಪರವಾನಗಿ ಎಲ್ಲವೂ ಈ ಎಂಟು ಅಂಕಿಗಳಿಗೆ ಅಂಟಿಕೊಂಡಿರುವುದರಿಂದ, ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಮಾರಾಟಗಾರ ತನ್ನ ಇನ್‌ವಾಯ್ಸ್‌ನಲ್ಲಿ ನಮೂದಿಸಿದ ಸಂಖ್ಯೆಯನ್ನು ಸುಳಿವು ಎಂದಷ್ಟೇ ತಿಳಿಯಬೇಕು. ಅವನ ದೇಶದ ಕೊನೆಯ ಅಂಕಿಗಳು ನಮ್ಮ ಅಂಕಿಗಳಿಗೆ ಹೊಂದುವುದಿಲ್ಲ. ಮೊದಲ ಆರೂ ಸರಿಯಾಗಿವೆ ಎಂದು ನಂಬಲು ಕಾರಣವಿಲ್ಲ, ಏಕೆಂದರೆ ತಪ್ಪಿದರೆ ದಂಡ ಕಟ್ಟುವವರು ನೀವು, ಅವನಲ್ಲ. ಸರಕಿನ ಕ್ಯಾಟಲಾಗ್, ಅದರಲ್ಲಿರುವ ಪದಾರ್ಥಗಳ ಪ್ರಮಾಣ, ತಯಾರಿಕೆಯ ವಿಧಾನ, ಬಳಕೆ ಇವನ್ನು ಬರಹದಲ್ಲಿ ತರಿಸಿಕೊಂಡು, 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯನ್ನು ಮುಂದಿಟ್ಟುಕೊಂಡು, ಅಧ್ಯಾಯದ ಆರಂಭದಲ್ಲಿರುವ ಟಿಪ್ಪಣಿಗಳಿಂದಲೇ ಓದಲು ತೊಡಗಬೇಕು. ಅಲ್ಲಿನ ವಾಕ್ಯಗಳು ನೀರಸವಾಗಿವೆ, ನಿಜ. ಆದರೆ ಯಾವ ವಸ್ತು ಈ ಅಧ್ಯಾಯಕ್ಕೆ ಸೇರುವುದಿಲ್ಲ ಎಂಬುದನ್ನು ಹೇಳುವುದು ಆ ಟಿಪ್ಪಣಿಗಳೇ.

ಅಡಿಕೆಯ ಉದಾಹರಣೆ ಮಲೆನಾಡಿನವರಿಗೆ ಹೊಸದೇನಲ್ಲ. ಒಣಗಿಸಿದ ಅಡಿಕೆ 8ನೇ ಅಧ್ಯಾಯಕ್ಕೆ ಸೇರುತ್ತದೆ. ಹುರಿದ ಅಡಿಕೆಯನ್ನು 20ನೇ ಅಧ್ಯಾಯದಲ್ಲಿ ತೋರಿಸಿ ತರಿಸಲಾಗುತ್ತಿತ್ತು. ಸುಪಾರಿ ಎಂದು ಕರೆಯುವ ಸಿದ್ಧ ಉತ್ಪನ್ನ 21ನೇ ಅಧ್ಯಾಯದಲ್ಲಿದೆ. ಒಣ ಅಡಿಕೆಗೆ ಕನಿಷ್ಠ ಆಮದು ಬೆಲೆಯ, ಅಂದರೆ ಇಷ್ಟಕ್ಕಿಂತ ಅಗ್ಗದ್ದನ್ನು ತರಿಸುವಂತಿಲ್ಲ ಎಂಬ, ಕಟ್ಟುಪಾಡು ಇದ್ದಾಗ ಹುರಿದದ್ದಕ್ಕೆ ಅದು ಇರಲಿಲ್ಲವಾದ್ದರಿಂದ, ‘ಇದು ನಿಜವಾಗಿ ಹುರಿದದ್ದೇ, ಒಣಗಿಸಿದ್ದೇ’ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ ಅದೇ ಕನಿಷ್ಠ ಬೆಲೆಯನ್ನು ಅನ್ವಯಿಸಲಾಯಿತು.

ವರ್ಗೀಕರಣದಲ್ಲಿ ನಿಜವಾದ ಸಂದೇಹವಿದ್ದು ಮೊತ್ತವೂ ದೊಡ್ಡದಾಗಿದ್ದರೆ, ದೆಹಲಿ ಮತ್ತು ಮುಂಬೈಯಲ್ಲಿರುವ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಶುಲ್ಕ 10,000 ರೂಪಾಯಿ. ಮೂರು ತಿಂಗಳೊಳಗೆ ತೀರ್ಪು ಕೊಡಬೇಕೆಂದು ಕಾಯ್ದೆ ಹೇಳುತ್ತದೆ, ಮತ್ತು ಕಾನೂನಾಗಲಿ ಸಂಗತಿಗಳಾಗಲಿ ಬದಲಾಗದಿದ್ದರೆ ಆ ತೀರ್ಪು ಕೆಲವು ವರ್ಷ ಊರ್ಜಿತವಾಗಿರುತ್ತದೆ. ಒಂದೇ ಸರಕನ್ನು ಮತ್ತೆ ಮತ್ತೆ ತರಿಸುವವರಿಗೆ ಈ ಖರ್ಚು ಹೆಚ್ಚೇನಲ್ಲ.

ಎರಡನೇ ಹೆಜ್ಜೆ: ಆಮದು ನೀತಿಯ ಪಟ್ಟಿಯನ್ನು ಕೊನೆಯ ಕಾಲಂವರೆಗೂ ಓದುವುದು

ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಡಿಜಿಎಫ್‌ಟಿ ಎಂದು ಕರೆಯುವ ಕಚೇರಿ, ತನ್ನ ಜಾಲತಾಣದಲ್ಲಿ ಐಟಿಸಿ ಎಚ್‌ಎಸ್ ಪಟ್ಟಿಯನ್ನು ಪ್ರಕಟಿಸುತ್ತದೆ. ಆಮದಿಗೆ ಸಂಬಂಧಿಸಿದ್ದು ಅದರ ಮೊದಲ ಅನುಸೂಚಿ. ಪ್ರತಿ ಎಂಟು ಅಂಕಿಗಳ ಸಂಖ್ಯೆಯ ಎದುರು ನಾಲ್ಕರಲ್ಲಿ ಒಂದು ಮಾತು ಇರುತ್ತದೆ: ಮುಕ್ತ, ನಿರ್ಬಂಧಿತ, ನಿಷಿದ್ಧ, ಇಲ್ಲವೇ ಸರ್ಕಾರಿ ವ್ಯಾಪಾರ ಸಂಸ್ಥೆಯ ಮೂಲಕ ಮಾತ್ರ. ಕೊನೆಯ ವರ್ಗದಲ್ಲಿ ಗೋಧಿಯಂಥ ಕೆಲವೇ ಸರಕುಗಳಿವೆ. ಸಣ್ಣ ವ್ಯಾಪಾರಿ ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿರ್ಬಂಧಿತ ಎಂದರೆ ತರಿಸಲೇಬಾರದು ಎಂದಲ್ಲ, ತರಿಸುವ ಮೊದಲು ಡಿಜಿಎಫ್‌ಟಿಯ ಆಮದು ಪರವಾನಗಿ ಪಡೆದಿರಬೇಕು ಎಂದು. 2019ರ ಆಗಸ್ಟ್ ಕೊನೆಯಲ್ಲಿ ಅಗರಬತ್ತಿಯನ್ನು ಮುಕ್ತ ವರ್ಗದಿಂದ ನಿರ್ಬಂಧಿತ ವರ್ಗಕ್ಕೆ ಸರಿಸಿದ್ದು ಬೆಂಗಳೂರು, ಮೈಸೂರಿನ ಊದುಬತ್ತಿ ಉದ್ಯಮದವರಿಗೆ ನೆನಪಿರುತ್ತದೆ. ಪರವಾನಗಿಗೆ ಅರ್ಜಿಯನ್ನು ಡಿಜಿಎಫ್‌ಟಿ ಜಾಲತಾಣದಲ್ಲೇ ಸಲ್ಲಿಸಬೇಕು. ದೆಹಲಿಯ ಸಮಿತಿಯೊಂದು ಅದನ್ನು ಪರಿಶೀಲಿಸಿ, ಅಗತ್ಯವಿದ್ದರೆ ಸಂಬಂಧಪಟ್ಟ ಸಚಿವಾಲಯದ ಅಭಿಪ್ರಾಯ ಕೇಳಿ ನಿರ್ಧರಿಸುತ್ತದೆ. ಕರ್ನಾಟಕದವರು ವಿಚಾರಿಸಬೇಕಾದ ಪ್ರಾದೇಶಿಕ ಕಚೇರಿ ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ.

ನಿಷಿದ್ಧ ಎಂಬ ಮಾತನ್ನು ಕಂಡ ತಕ್ಷಣ ಪುಟ ಮುಚ್ಚುವುದೂ ತಪ್ಪು, ಮುಕ್ತ ಎಂಬ ಮಾತನ್ನು ಕಂಡ ತಕ್ಷಣ ಹಣ ಕಳುಹಿಸುವುದೂ ತಪ್ಪು. ಇದನ್ನು ಒತ್ತಿ ಹೇಳಲು ಕಾರಣವಿದೆ. ಪಟ್ಟಿಯ ಕೊನೆಯ ಕಾಲಂನಲ್ಲಿ ‘ನೀತಿ ಷರತ್ತು’ ಎಂಬುದು ಇರುತ್ತದೆ, ಮತ್ತು ಅದು ಎಷ್ಟೋ ಸಲ ಹಿಂದಿನ ಕಾಲಂನ ಮಾತನ್ನೇ ತಿರುಗಿಸಿಬಿಡುತ್ತದೆ. ಅಡಿಕೆಯ ಎದುರು ನಿಷಿದ್ಧ ಎಂದಿದೆ. ಆದರೆ ಸರಕಿನ ಬೆಲೆ, ವಿಮೆ, ಸಾಗಣೆ ಸೇರಿದ ಮೌಲ್ಯ ಕಿಲೋಗೆ 351 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಕ್ತ ಎಂದು ಷರತ್ತು ಹೇಳುತ್ತದೆ. 2023ರ ಫೆಬ್ರುವರಿವರೆಗೆ ಈ ಮಿತಿ 251 ರೂಪಾಯಿ ಇತ್ತು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಕೇಳಿ ಪಡೆದ ಕಾಳುಮೆಣಸಿನ ಕನಿಷ್ಠ ಆಮದು ಬೆಲೆಯೂ ಹೀಗೆಯೇ ಕಿಲೋಗೆ 500 ರೂಪಾಯಿ ಎಂದು 2017ರ ಡಿಸೆಂಬರ್‌ನಲ್ಲಿ ನಿಗದಿಯಾಯಿತು. ಇವಕ್ಕೂ ವಿನಾಯಿತಿಗಳುಂಟು: ಭೂತಾನದಿಂದ ಜೈಗಾಂವ್ ಗಡಿಠಾಣೆಯ ಮೂಲಕ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು 2022ರಲ್ಲಿ ಅನುಮತಿ ನೀಡಲಾಯಿತು. ಇನ್‌ವಾಯ್ಸ್‌ನಲ್ಲಿ ಬೆಲೆ ಏರಿಸಿ ಬರೆಸಿದರೆ ಆಯಿತಲ್ಲ ಎನ್ನುವವರು ಸಿಗುತ್ತಾರೆ. ಮೌಲ್ಯದ ತಪ್ಪು ಘೋಷಣೆ ತಾನೇ ಒಂದು ಅಪರಾಧ, ಹೆಚ್ಚುವರಿ ಹಣ ವಿದೇಶಕ್ಕೆ ಹೋಗುವುದು ಇನ್ನೊಂದು. ಆ ಸಲಹೆ ಕೊಟ್ಟವರ ಬಳಿ ಮತ್ತೆ ಹೋಗದಿರುವುದು ಲೇಸು.

ಷರತ್ತು ಸರಕಿನ ಒಂದು ಸಣ್ಣ ಭಾಗಕ್ಕೆ ಅಂಟಿಕೊಂಡಿರುವುದೂ ಉಂಟು. ಅನಿಲ ತುಂಬಿದ ಏರ್ ಕಂಡೀಷನರ್‌ಗಳ ಆಮದನ್ನು 2020ರ ಅಕ್ಟೋಬರ್‌ನಲ್ಲಿ ನಿಷೇಧಿಸಿದಾಗ ಅನಿಲ ತುಂಬದ ಯಂತ್ರಗಳಿಗೆ ಆ ನಿಷೇಧ ಅನ್ವಯಿಸಲಿಲ್ಲ. 2022ರ ಫೆಬ್ರುವರಿಯಲ್ಲಿ ಸಿದ್ಧ ಡ್ರೋನ್‌ಗಳನ್ನು ನಿಷೇಧಿಸಲಾಯಿತು, ಬಿಡಿಭಾಗಗಳನ್ನು ಬಿಡಲಾಯಿತು.

ಪ್ರತಿ ಅಧ್ಯಾಯದ ಟಿಪ್ಪಣಿಗಳ ಜೊತೆಗೆ ಇಡೀ ಅನುಸೂಚಿಗೆ ಅನ್ವಯಿಸುವ ಸಾಮಾನ್ಯ ಟಿಪ್ಪಣಿಗಳನ್ನೂ ಓದಬೇಕು. ಭಾರತೀಯ ಮಾನಕ ಕಡ್ಡಾಯವಾಗಿರುವ ವಸ್ತು ಆಮದಾದರೂ ಅದೇ ಮಾನಕವನ್ನು ಪಾಲಿಸಬೇಕು ಎಂಬ ಮಾತು ಇರುವುದು ಅಲ್ಲಿ, ನಿಮ್ಮ ಸರಕಿನ ಸಾಲಿನಲ್ಲಿ ಅಲ್ಲ.

ಮೂರನೇ ಹೆಜ್ಜೆ: ಬೇರೆ ಕಾಯ್ದೆಗಳ ಬಾಗಿಲು ತಟ್ಟುವುದು

ಒಂದು ಸಾಧಾರಣ ಬ್ಲೂಟೂತ್ ಸ್ಪೀಕರನ್ನು ತೆಗೆದುಕೊಳ್ಳೋಣ. ಆಮದು ನೀತಿಯಲ್ಲಿ ಅದು ಮುಕ್ತ. ಆದರೂ ಅದಕ್ಕೆ ಬಿಐಎಸ್‌ನ, ಅಂದರೆ ಭಾರತೀಯ ಮಾನಕ ಬ್ಯೂರೋದ, ಕಡ್ಡಾಯ ನೋಂದಣಿ ಬೇಕು. ರೇಡಿಯೋ ತರಂಗ ಬಳಸುವುದರಿಂದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಬೇಕು. ಒಳಗೆ ಬ್ಯಾಟರಿ ಇರುವುದರಿಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ತರಿಸಿದವರನ್ನೇ ಉತ್ಪಾದಕರೆಂದು ಪರಿಗಣಿಸುತ್ತವೆ. ಡಬ್ಬಿಯಲ್ಲಿಟ್ಟು ಮಾರುವುದರಿಂದ 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸರಕು ನಿಯಮಗಳಂತೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಮೊದಲಾದವನ್ನು ಅಚ್ಚು ಹಾಕಿಸಬೇಕು.

ಬಿಐಎಸ್ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಜಾಗದಲ್ಲಿ. ಪರವಾನಗಿ ಸಿಗುವುದು ತರಿಸುವ ನಿಮಗಲ್ಲ, ಸರಕು ತಯಾರಿಸುವ ವಿದೇಶಿ ಕಾರ್ಖಾನೆಗೆ, ಅದೂ ನಿರ್ದಿಷ್ಟ ವಿಳಾಸದ ಕಾರ್ಖಾನೆಗೆ. ಆಟಿಕೆಗಳನ್ನು ನೋಡಿ: 2020ರ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಐಎಸ್‌ಐ ಗುರುತಿಲ್ಲದ ಆಟಿಕೆಯನ್ನು ತರಿಸುವಂತಿಲ್ಲ, ಮಾರುವಂತೆಯೂ ಇಲ್ಲ. ‘ನಮ್ಮಲ್ಲಿ ಯುರೋಪಿನ ಪ್ರಮಾಣಪತ್ರವಿದೆ’ ಎಂದು ಮಾರಾಟಗಾರ ಹೇಳಿದರೆ ಅದರಿಂದ ಇಲ್ಲಿ ಪ್ರಯೋಜನವಿಲ್ಲ. ಪರವಾನಗಿ ಸಂಖ್ಯೆಯನ್ನು ಕೇಳಿ, ಬಿಐಎಸ್ ಜಾಲತಾಣದಲ್ಲಿ ಅದು ಇಂದಿಗೂ ಚಾಲ್ತಿಯಲ್ಲಿದೆಯೇ, ನೀವು ಕೊಳ್ಳುತ್ತಿರುವ ಮಾದರಿ ಅದರಲ್ಲಿ ಸೇರಿದೆಯೇ ಎಂದು ನೀವೇ ನೋಡಿ.

ಆಹಾರ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ಕೇಂದ್ರ ಪರವಾನಗಿ ಇರಲೇಬೇಕು. 2017ರ ಆಮದು ನಿಯಮಗಳ ಪ್ರಕಾರ, ಸರಕು ಬಿಡುಗಡೆಯಾಗುವ ಹೊತ್ತಿಗೆ ಅದರ ಬಾಳಿಕೆಯ ಅವಧಿಯ ಶೇ 60ರಷ್ಟು ಅಥವಾ ಮೂರು ತಿಂಗಳು, ಇವುಗಳಲ್ಲಿ ಕಡಿಮೆ ಯಾವುದೋ ಅಷ್ಟು ಅವಧಿ ಉಳಿದಿರಬೇಕು. ಹಡಗಿನ ಪ್ರಯಾಣದ ದಿನಗಳನ್ನು, ಬಂದರಿನಲ್ಲಿ ಮಾದರಿ ತೆಗೆದು ಪರೀಕ್ಷಿಸುವ ದಿನಗಳನ್ನು ಇದರಿಂದ ಕಳೆದು ಲೆಕ್ಕ ಹಾಕಿದರೆ, ರಿಯಾಯಿತಿ ಬೆಲೆಗೆ ಸಿಗುವ ಹಳೆಯ ದಾಸ್ತಾನು ಏಕೆ ಅಗ್ಗವೆಂದು ತಾನಾಗಿ ತಿಳಿಯುತ್ತದೆ. ಆಮದುದಾರರ ಹೆಸರು, ಪರವಾನಗಿ ಸಂಖ್ಯೆ, ಸಸ್ಯಾಹಾರ ಅಥವಾ ಮಾಂಸಾಹಾರದ ಗುರುತು ಇಂಥವನ್ನು ಇಲ್ಲಿ ಚೀಟಿ ಅಂಟಿಸಿ ಸರಿಪಡಿಸಲು ಅವಕಾಶವಿದೆ. ತಯಾರಾದ ದಿನಾಂಕವನ್ನು ಹಾಗೆ ಸರಿಪಡಿಸಲು ಬರುವುದಿಲ್ಲ.

ಬೀಜ, ಸಸಿ, ಕಾಳು, ಹಣ್ಣು, ಮರ ಮುಂತಾದವಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ. ಅದರ ನಾಲ್ಕನೇ ಅನುಸೂಚಿಯಲ್ಲಿರುವ ಸಸ್ಯಗಳನ್ನು ಅಲ್ಲಿ ಹೇಳಿದ ದೇಶಗಳಿಂದ ತರಿಸುವಂತಿಲ್ಲ. ಐದು ಮತ್ತು ಆರನೇ ಅನುಸೂಚಿಯವಕ್ಕೆ ಮೊದಲೇ ಆಮದು ಪರವಾನಗಿ ಪಡೆಯಬೇಕು. ರಫ್ತು ಮಾಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಸರಕಿನ ಜೊತೆಗೇ ಬರಬೇಕು. ಸಸ್ಯಕ್ಕೂ ತಮಗೂ ಸಂಬಂಧವಿಲ್ಲ ಎಂದುಕೊಂಡ ಯಂತ್ರದ ವ್ಯಾಪಾರಿಯನ್ನೂ ಈ ಆದೇಶ ಹಿಡಿದು ನಿಲ್ಲಿಸುತ್ತದೆ, ಏಕೆಂದರೆ ಯಂತ್ರವನ್ನು ತುಂಬಿದ ಮರದ ಪೆಟ್ಟಿಗೆ, ಅದರ ಕೆಳಗಿನ ಹಲಗೆ ಕೂಡ ಕೀಟವನ್ನು ಹೊತ್ತು ತರಬಲ್ಲವು. ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರುವಂತೆ ಕಾಯಿಸಿ ಅಥವಾ ಮೀಥೈಲ್ ಬ್ರೋಮೈಡ್ ಹೊಗೆ ಹಾಯಿಸಿ ಮರವನ್ನು ಸಂಸ್ಕರಿಸಿರಬೇಕು, ಅಂತರರಾಷ್ಟ್ರೀಯ ಮುದ್ರೆ ಅದರ ಮೇಲೆ ಒತ್ತಿರಬೇಕು. ಖರೀದಿ ಆದೇಶದಲ್ಲಿ ಒಂದು ವಾಕ್ಯ ಸೇರಿಸಿದರೆ ತಪ್ಪುವ ತೊಂದರೆ ಇದು.

ಸೌಂದರ್ಯವರ್ಧಕ, ಔಷಧ, ವೈದ್ಯಕೀಯ ಉಪಕರಣಗಳಿಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ನೋಂದಣಿ ಅಥವಾ ಪರವಾನಗಿ ಬೇಕು. ಉಕ್ಕು, ಕಾಗದ ಮೊದಲಾದ ಕೆಲವು ಸರಕುಗಳಿಗೆ ಪರವಾನಗಿಯಲ್ಲದಿದ್ದರೂ ಸರಕು ಬರುವ ಮುನ್ನ ಆಮದು ನಿಗಾ ವ್ಯವಸ್ಥೆಯಲ್ಲಿ ನೋಂದಾಯಿಸಿ ಸಂಖ್ಯೆ ಪಡೆಯಬೇಕು. ಹಳೆಯ ಫೋಟೋಕಾಪಿ ಯಂತ್ರ, ಹಳೆಯ ಕಂಪ್ಯೂಟರ್ ತರಿಸುವ ಯೋಚನೆಯಿದ್ದರೆ, ಅವು ನಿರ್ಬಂಧಿತ ಎಂದು ತಿಳಿದು ಹೊರಡಿ. ಇ-ಸಿಗರೇಟನ್ನು 2019ರ ಕಾಯ್ದೆ ಪೂರ್ತಿ ನಿಷೇಧಿಸಿದೆ.

ಇಷ್ಟೊಂದು ಇಲಾಖೆಗಳನ್ನು ಒಬ್ಬೊಬ್ಬರೇ ಹುಡುಕುವುದು ಕಷ್ಟವೆಂದು ಕಸ್ಟಮ್ಸ್ ಮಂಡಳಿ 2021ರಲ್ಲಿ ಕಾಂಪ್ಲಯನ್ಸ್ ಇನ್ಫರ್ಮೇಷನ್ ಪೋರ್ಟಲ್ ಎಂಬ ಜಾಲತಾಣವನ್ನು ತೆರೆಯಿತು. ಎಚ್‌ಎಸ್ ಸಂಖ್ಯೆ ಹಾಕಿದರೆ ಆ ಸರಕಿಗೆ ಯಾವ ಇಲಾಖೆಯ ಅನುಮತಿ ಬೇಕು, ಯಾವ ಕಾಗದಗಳು ಬೇಕು ಎಂದು ಅಲ್ಲಿ ತೋರಿಸುತ್ತದೆ. ಹುಡುಕಾಟವನ್ನು ಅಲ್ಲಿಂದ ಆರಂಭಿಸುವುದು ಒಳ್ಳೆಯದು. ಆದರೆ ನಾಳೆ ವಿವಾದವಾದರೆ ಆಧಾರವಾಗುವುದು ರಾಜಪತ್ರದಲ್ಲಿ ಪ್ರಕಟವಾದ ಅಧಿಸೂಚನೆ, ಪೋರ್ಟಲಿನ ಪುಟವಲ್ಲ.

ನಾಲ್ಕನೇ ಹೆಜ್ಜೆ: ಯಾವ ದೇಶದಿಂದ, ಯಾವ ಬಂದರಿಗೆ

ಸರಕಿಗೆ ತಡೆಯಿಲ್ಲದಿದ್ದರೂ ದೇಶಕ್ಕೆ ತಡೆಯಿರಬಹುದು. ಚೀನಾದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ ಪ್ರಕರಣದ ನಂತರ 2008ರಿಂದ ನಿಷೇಧಿಸಲಾಗಿದೆ. 2025ರ ಮೇ 2ರ ಅಧಿಸೂಚನೆ ಪಾಕಿಸ್ತಾನದಲ್ಲಿ ತಯಾರಾದ ಅಥವಾ ಅಲ್ಲಿಂದ ರಫ್ತಾದ ಎಲ್ಲ ಸರಕುಗಳನ್ನೂ, ಮೂರನೇ ದೇಶದ ಮೂಲಕ ಬಂದರೂ ಬಿಡದಂತೆ, ತಡೆಯಿತು. ದುಬೈ ಮಾರುಕಟ್ಟೆಯಲ್ಲಿ ಒಣಹಣ್ಣು ಕೊಳ್ಳುವವರು ಅದು ಬೆಳೆದ ದೇಶ ಯಾವುದೆಂದು ಕೇಳಲೇಬೇಕಾದದ್ದು ಇದರಿಂದ. ಅದೇ ತಿಂಗಳು ಬಾಂಗ್ಲಾದೇಶದ ಸಿದ್ಧ ಉಡುಪುಗಳಿಗೆ ಮುಂಬೈ ಬಳಿಯ ನ್ಹಾವಾ ಶೇವಾ ಮತ್ತು ಕೋಲ್ಕತ್ತ ಬಂದರುಗಳನ್ನು ಬಿಟ್ಟು ಉಳಿದ ದಾರಿಗಳನ್ನು ಮುಚ್ಚಲಾಯಿತು. ಬಳಸಿದ ವಾಹನಗಳು ಮುಂಬೈ ಬಂದರಿಗೆ ಮಾತ್ರ ಬರಬಹುದು. ಸಸ್ಯಗಳನ್ನು ಕ್ವಾರಂಟೈನ್ ವ್ಯವಸ್ಥೆಯಿರುವ ಅಧಿಸೂಚಿತ ಪ್ರವೇಶ ಸ್ಥಳಗಳಲ್ಲೇ ಇಳಿಸಬೇಕು. ಸಾಗಣೆ ಕಂಪನಿ ಎಲ್ಲಿ ಅಗ್ಗವೋ ಅಲ್ಲಿಗೆ ಬುಕ್ ಮಾಡುತ್ತದೆ; ಈ ನಿಯಮಗಳನ್ನು ಅದು ನಿಮಗಾಗಿ ನೋಡುವುದಿಲ್ಲ.

ಐದನೇ ಹೆಜ್ಜೆ: ನಿಮ್ಮ ಕಾಗದ

ವ್ಯಾಪಾರಕ್ಕೆ ತರಿಸುವವರಿಗೆ ಡಿಜಿಎಫ್‌ಟಿ ಕೊಡುವ ಐಇಸಿ, ಅಂದರೆ ಆಮದು ರಫ್ತು ಸಂಕೇತ ಬೇಕು. ಅದು ಈಗ ನಿಮ್ಮ ಪ್ಯಾನ್ ಸಂಖ್ಯೆಯೇ; ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ವಿವರಗಳನ್ನು ಜಾಲತಾಣದಲ್ಲಿ ದೃಢಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಸ್ವಂತ ಬಳಕೆಗೆ ತರಿಸುವವರಿಗೆ ಐಇಸಿ ಬೇಡ. ಆದರೆ ವಿದೇಶದಲ್ಲಿರುವ ನೆಂಟರು ಕೊರಿಯರ್‌ನಲ್ಲಿ ಕಳುಹಿಸುವ ‘ಉಡುಗೊರೆ’ಗೆ ಇದ್ದ ಸುಂಕ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು, ಜೀವರಕ್ಷಕ ಔಷಧ ಮತ್ತು ರಾಖಿಯನ್ನು ಬಿಟ್ಟು ಉಳಿದದ್ದಕ್ಕೆ ಪೂರ್ತಿ ಸುಂಕ ಕಟ್ಟಬೇಕು.

ಆರನೇ ಹೆಜ್ಜೆ: ದಿನಾಂಕವನ್ನು ಕಾಯುವುದು

2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಆಮದನ್ನು ತಕ್ಷಣದಿಂದ ನಿರ್ಬಂಧಿಸಿ ಅಧಿಸೂಚನೆ ಬಂತು. ಮರುದಿನವೇ ಅದನ್ನು ನವೆಂಬರ್ 1ಕ್ಕೆ ಮುಂದೂಡಲಾಯಿತು. ಆಮೇಲೆ ಅದರ ಜಾಗಕ್ಕೆ ಆನ್‌ಲೈನ್ ಅನುಮತಿಯ ವ್ಯವಸ್ಥೆ ಬಂತು. ನಿಯಮ ಹೀಗೆ ರಾತ್ರೋರಾತ್ರಿ ಬದಲಾಗಬಹುದಾದ್ದರಿಂದ ಒಮ್ಮೆ ನೋಡಿ ಕೈತೊಳೆದುಕೊಂಡರೆ ಸಾಲದು. ಮುಂಗಡ ಕಳುಹಿಸುವ ದಿನ, ಸರಕು ಹಡಗಿಗೆ ಏರುವ ದಿನ, ಹಡಗು ಬಂದರು ಮುಟ್ಟುವ ಹಿಂದಿನ ದಿನ, ಮೂರೂ ಸಲ ಅಧಿಸೂಚನೆಗಳನ್ನು ನೋಡಿ, ಆ ದಿನದ ಪುಟವನ್ನು ಮುದ್ರಿಸಿ ಕಡತದಲ್ಲಿಡಿ.

ಆಮದು ನೀತಿಯ ಲೆಕ್ಕದಲ್ಲಿ ಸಮುದ್ರದ ಸರಕಿಗೆ ಹಡಗು ಕಂಪನಿ ಕೊಡುವ ಸಾಗಣೆ ಪತ್ರವಾದ ಬಿಲ್ ಆಫ್ ಲೇಡಿಂಗ್‌ನ ದಿನಾಂಕ, ವಿಮಾನದ ಸರಕಿಗೆ ಅಂಥದ್ದೇ ಪತ್ರವಾದ ಏರ್‌ವೇ ಬಿಲ್‌ನ ದಿನಾಂಕವೇ ಆಮದಿನ ದಿನಾಂಕ. ಮುಕ್ತವಾಗಿದ್ದ ಸರಕು ಇದ್ದಕ್ಕಿದ್ದಂತೆ ನಿರ್ಬಂಧಕ್ಕೆ ಒಳಗಾದರೆ, ಅಧಿಸೂಚನೆಗೆ ಮೊದಲೇ ಹಡಗೇರಿದ ಸರಕಿಗೆ ಸಾಮಾನ್ಯವಾಗಿ ರಕ್ಷಣೆಯಿದೆ. ಅಧಿಸೂಚನೆಗೆ ಮೊದಲೇ ತೆರೆದ, ಹಿಂತೆಗೆದುಕೊಳ್ಳಲಾಗದ ಲೆಟರ್ ಆಫ್ ಕ್ರೆಡಿಟ್ (ಮಾರಾಟಗಾರನಿಗೆ ಬ್ಯಾಂಕ್ ಕೊಡುವ ಪಾವತಿಯ ಖಾತರಿ) ಇದ್ದರೂ ರಕ್ಷಣೆಯುಂಟು, ಆದರೆ ಅದನ್ನು 15 ದಿನಗಳೊಳಗೆ ಡಿಜಿಎಫ್‌ಟಿಯ ಪ್ರಾದೇಶಿಕ ಕಚೇರಿಯಲ್ಲಿ ನೋಂದಾಯಿಸಿರಬೇಕು. ನೇರವಾಗಿ ಬ್ಯಾಂಕ್ ವರ್ಗಾವಣೆಯಲ್ಲಿ ಮುಂಗಡ ಕೊಟ್ಟವರಿಗೆ, ಸರಕು ಇನ್ನೂ ಹಡಗೇರಿಲ್ಲದಿದ್ದರೆ, ಈ ಆಸರೆ ಸಿಗುವುದಿಲ್ಲ. ಅನುಮತಿ ದೊರೆಯದಿದ್ದರೆ ಅಥವಾ ನಿಯಮ ಬದಲಾದರೆ ಮುಂಗಡ ಹಿಂದಿರುಗಿಸಬೇಕು ಎಂಬ ಷರತ್ತನ್ನು ಖರೀದಿ ಒಪ್ಪಂದದಲ್ಲಿ ಬರೆಸುವುದು ಈ ಕಾರಣಕ್ಕೆ.

ಅನುಮತಿಯಿಲ್ಲದ ಸರಕು ಬಂದೇಬಿಟ್ಟರೆ

ಷರತ್ತು ಪಾಲಿಸದೆ ತಂದ ಸರಕನ್ನೂ 1962ರ ಕಸ್ಟಮ್ಸ್ ಕಾಯ್ದೆ ನಿಷಿದ್ಧ ಸರಕೆಂದೇ ಕಾಣುತ್ತದೆ. 111ನೇ ಕಲಮಿನಡಿ ಅದನ್ನು ಮುಟ್ಟುಗೋಲು ಹಾಕಬಹುದು, 112ರಡಿ ದಂಡ ವಿಧಿಸಬಹುದು. ನಿಷಿದ್ಧವಲ್ಲದ ಸರಕನ್ನು ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವನ್ನು 125ನೇ ಕಲಮಿನಂತೆ ಅಧಿಕಾರಿ ಕೊಡಲೇಬೇಕು. ನಿಷಿದ್ಧ ಸರಕಿನಲ್ಲಿ ಕೊಡುವುದೂ ಬಿಡುವುದೂ ಅವರ ವಿವೇಚನೆ. ನಿರ್ಧಾರವಾಗುವವರೆಗೆ ಬಂದರಿನ ಬಾಡಿಗೆ, ಕಂಟೇನರಿನ ಬಾಡಿಗೆ ದಿನದಿನಕ್ಕೂ ಏರುತ್ತಿರುತ್ತವೆ.

ವರ್ಷಕ್ಕೆ ಇಷ್ಟೇ ಟನ್ ಎಂದು ಮಿತಿ ಹಾಕಿದ್ದ ಬಟಾಣಿಯನ್ನು, ಪರವಾನಗಿಯಿಲ್ಲದೆ, ಹೈಕೋರ್ಟಿನ ಮಧ್ಯಂತರ ಆದೇಶದ ಬಲದಿಂದ ತರಿಸಿದ ವ್ಯಾಪಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ತೀರ್ಪು ನೀಡಿತು. ದಂಡ ಕಟ್ಟಿ ಸರಕನ್ನು ದೇಶದೊಳಗೆ ಮಾರಲು ಬಿಡಲಾಗದು ಎಂದ ನ್ಯಾಯಾಲಯ ಸಂಪೂರ್ಣ ಮುಟ್ಟುಗೋಲನ್ನು ಎತ್ತಿಹಿಡಿಯಿತು. ತೋರಿದ ಸಡಿಲಿಕೆ ಒಂದೇ: ದಂಡ ಕಟ್ಟಿ, ಉಳಿದ ಬಾಕಿಗಳನ್ನೆಲ್ಲ ತೀರಿಸಿ, ಬಟಾಣಿಯನ್ನು ಮರಳಿ ವಿದೇಶಕ್ಕೆ ಸಾಗಿಸಬಹುದು.